ನೇಮ್ ಅಂದ್ರ ಹೆಸರು

ನಮ್ಮ ಪಡಸಾಲೆಯ ಗೋಡೆಯ ಮೇಲೆ, ಅವ್ವನ ಮಂಚದ ಎದುರಿಗೆ, ಒಂದು ಚಾರ್ಟು ತೂಗುತ್ತಿದೆ. ಮೊದಲು ಅದು ಅಡುಗೆಮನೆಯಲ್ಲಿತ್ತು ಎಂಬುದಕ್ಕೆ ಕೆಳಗಿನ ಅಂಚಿಗೆ ಸಿಡಿದ ಒಗ್ಗರಣೆಯ ಎಣ್ಣೆಯೇ ಸಾಕ್ಷಿ. ಗೋಕಾಕದ ಬಸ್‌ಸ್ಟ್ಯಾಂಡಿನ ಹೊರಗೆ ಹಣ್ಣುಗಳ ಚಿತ್ರ, ಹಕ್ಕಿಗಳ ಚಿತ್ರ, ದೇಶದ ನಕಾಶೆ ಎಲ್ಲವನ್ನೂ ನೆಲದ ಮೇಲೆ ಹರಡಿಕೊಂಡು ಕೂತಿದ್ದವನ ಹತ್ತಿರ ನಮ್ಮ ಯಜಮಾನರು ಮಗಳು ಶ್ರಾವಣಿಗೆಂದು ಕೊಂಡುತಂದದ್ದು. ಇಂಗ್ಲಿಷಿನ ಪ್ರಾಸಪದಗಳ ಚಾರ್ಟು. ಒಂದೊಂದು ಸಾಲಿನಲ್ಲಿ ಕೊನೆಯ ಸದ್ದು ಒಂದೇ ಆದ ನಾಲ್ಕಾರು ಪದಗಳು, ಪ್ರತಿಯೊಂದರ ಕೆಳಗೂ ಕನ್ನಡದಲ್ಲಿ ಅದರ ಉಚ್ಚಾರ, ಅರ್ಥ. ಕ್ಯಾಟ್, ರ್ಯಾಟ್, ಮ್ಯಾಟ್: ಬೆಕ್ಕು, ಇಲಿ, ಚಾಪೆ. ರೇನ್, ಪೇನ್, ಟ್ರೇನ್: ಮಳೆ, ನೋವು, ರೈಲು. ಮೂಡಲಗಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕನ್ನಡ ಕಲಿಸಿ ಸಂಜೆ ಬಸ್ಸಿನಲ್ಲಿ ಕೈಕಂಬಿ ಹಿಡಿದು ನಿಂತು ಮನೆಗೆ ಬರುವ ನನ್ನಂಥವಳಿಗೆ, ತನ್ನ ಮನೆಯ ಗೋಡೆಯ ಮೇಲೆಯೇ ಇಂಗ್ಲಿಷು ಹೀಗೆ ಬಣ್ಣಬಣ್ಣವಾಗಿ ಮೆರೆಯುವುದನ್ನು ಕಂಡು ಹೊಟ್ಟೆಯುರಿ ಆಗಲಿಲ್ಲ ಎಂದರೆ ಸುಳ್ಳಾದೀತು.

ಆದರೂ ನೀವು ಒಮ್ಮೆ ಇಂಥದೊಂದು ಚಾರ್ಟಿನ ಎದುರು ಸುಮ್ಮನೆ ನಿಂತು ನೋಡಬೇಕು. ಮಳೆಗೂ ನೋವಿಗೂ ರೈಲಿಗೂ ಏನು ಸಂಬಂಧ ಹೇಳಿ? ಒಂದು ಮುಗಿಲಿನದು, ಒಂದು ಮೈಯದು, ಒಂದು ಘಟಪ್ರಭಾ ಸ್ಟೇಶನ್ನಿನದು. ಸದ್ದಿನ ಕೊನೆ ಒಂದೇ ಆಯಿತೆಂಬ ಒಂದೇ ಕಾರಣಕ್ಕೆ ಮೂರೂ ಒಂದೇ ಸಾಲಿನಲ್ಲಿ ಕೂತಿವೆ, ಮದುವೆಯ ಪಂಕ್ತಿಯಲ್ಲಿ ಗುರುತಿಲ್ಲದವರು ಮಗ್ಗುಲಲ್ಲಿ ಕೂತು ಉಂಡಂತೆ. ಅರ್ಥದ ಹಂಗೇ ಇಲ್ಲದೆ ಕಿವಿ ಮಾಡಿಸಿದ ನೆಂಟಸ್ತಿಕೆ ಇದು. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ತಲೆಯಲ್ಲಿಟ್ಟರು, ಎರಡನೆಯ ಅಕ್ಷರವನ್ನು ಹಿಡಿದು ಸಾಲಿಗೆ ಸಾಲು ಗಂಟುಹಾಕಿದರು. ಇಂಗ್ಲಿಷಿನವರು ಬಾಲವನ್ನು ಹಿಡಿದರು. ಈ ಮಾತನ್ನು ನಾನು ವರ್ಷ ವರ್ಷ ತರಗತಿಯಲ್ಲಿ ಹೇಳುತ್ತೇನೆ, ಮಕ್ಕಳು ವರ್ಷ ವರ್ಷ ಆಕಳಿಸುತ್ತಾರೆ. ನಮ್ಮ ಕಡೆಯ ಹೆಣ್ಣುಮಕ್ಕಳು ಯಾವ ಪುಸ್ತಕವನ್ನೂ ಕೇಳದೆ ಬಾಲದ ಪ್ರಾಸವನ್ನೇ ಆರಿಸಿಕೊಂಡರು, ಅದೂ ಬದುಕಿನ ಅತ್ಯಂತ ನಾಚಿಕೆಯ ಗಳಿಗೆಗೆ ಎಂಬುದನ್ನು ಮಾತ್ರ ನಾನು ಯಾವ ತರಗತಿಯಲ್ಲೂ ಹೇಳಿದವಳಲ್ಲ.

ಆ ಗಳಿಗೆ ಒಡಪಿನದು. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಆದರೆ ಮದುವೆಯ ಮನೆಯಲ್ಲಿ ಹೊಸ ಮದುಮಗಳನ್ನು ಹೊಸ್ತಿಲಲ್ಲೇ ತಡೆದು, ಗಂಡನ ಹೆಸರು ಹೇಳಿ ಒಳಗೆ ಬಾ ಎಂದು ಗೋಳು ಹೊಯ್ದುಕೊಳ್ಳುವವರೂ ಇದೇ ಹೆಂಗಸರು. ಆಗ ಅವಳು ಎರಡು ಸಾಲಿನ ಒಂದು ಪದ್ಯ ಕಟ್ಟಿ, ಅದರ ನಡುವೆ ಆ ಹೆಸರನ್ನು ಮೆಲ್ಲಗೆ ಜಾರಿಸಬೇಕು. ಅದೇ ಒಡಪು. ನಮ್ಮ ಅವ್ವ ಮಸಗುಪ್ಪಿಯಿಂದ ಕುಲಗೋಡಕ್ಕೆ ಸೊಸೆಯಾಗಿ ಬಂದಾಗ ಹೊಸ್ತಿಲಲ್ಲಿ ನಿಂತು ಅಳುವುದೊಂದು ಬಾಕಿ ಇತ್ತಂತೆ. ಆಗ ಅವಳ ಅತ್ತೆ, ಅಂದರೆ ನನ್ನ ಆಯಿ, ಕಿವಿಯ ಹತ್ತಿರ ಬಗ್ಗಿ, "ಬರೇ ಹೆಸರ ಹೇಳಬಾರದವ್ವಾ, ಒಡಪಿನ್ಯಾಗ ಆದ್ರ ಅಡ್ಡಿಲ್ಲ," ಎಂದಿದ್ದರಂತೆ. ಆ 'ಅಡ್ಡಿಲ್ಲ' ಎಂಬ ಒಂದು ಮಾತಿನ ಧೈರ್ಯದ ಮೇಲೆ ಅವ್ವ ಕಣ್ಣುಮುಚ್ಚಿ ಹೇಳಿಬಿಟ್ಟಳು:

"ಕರಿ ಕಂಬಳಿ ಮ್ಯಾಲ ಬಿಳಿಜೋಳದ ರಾಶಿ,
ಬಾಳಪ್ಪನೋರು ಇದ್ದಲ್ಲೇ ನನಗ ಕಾಶಿ."

ನಾನು ಬುದ್ಧಿ ಬಂದಾಗಿನಿಂದ ನೆಂಟರಿಷ್ಟರ ಮದುವೆ, ಸೀಮಂತಗಳಲ್ಲಿ ಅವ್ವ ಹೇಳಿದ್ದು ಇದೇ ಒಡಪು. ಬೇರೆ ಹೆಂಗಸರು ಸಲಕ್ಕೊಂದು ಹೊಸದು ಕಟ್ಟಿ ಚಪ್ಪಾಳೆ ಗಿಟ್ಟಿಸುತ್ತಿದ್ದರು; ಅವ್ವ ಮಾತ್ರ ಹಳೆಯದನ್ನೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, 'ಬಾಳಪ್ಪನೋರು' ಎಂಬಲ್ಲಿ ದನಿ ಇಳಿಸಿ, 'ಕಾಶಿ' ಎಂಬಲ್ಲಿ ಮತ್ತೆ ಎತ್ತಿ ಹೇಳುತ್ತಿದ್ದಳು. ಉಳಿದ ದಿನಗಳಲ್ಲಿ ಅಪ್ಪ ಅವಳಿಗೆ ಬರೀ 'ಏನ್ರಿ'. ನಾನು ಬಿ.ಎಡ್. ಓದುವಾಗ ಈ ನಂಬಿಕೆಯನ್ನು ಮನಸಾರೆ ಗೇಲಿ ಮಾಡಿದ್ದೇನೆ. ಹೆಸರು ಹೇಳಿದರೆ ಆಯುಷ್ಯ ಕಳೆಯುವುದಾದರೆ ನಮ್ಮ ಹೆಡ್‌ಮಾಸ್ತರರು ಹಾಜರಿ ತೆಗೆಯುವಾಗಲೇ ಅರ್ಧ ಊರು ಖಾಲಿಯಾಗಬೇಕಿತ್ತು ಎಂದಿದ್ದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ನಗು ನಗು, ನಿನಗೂ ಒಬ್ಬಾಂವ ಬರ್ಲಿ," ಎಂದಿದ್ದಳು. ಬಂದರು. ಮೇಲೆ ಅವರನ್ನು 'ನಮ್ಮ ಯಜಮಾನರು' ಎಂದು ಬರೆದು ಮುಂದೆ ಸಾಗಿದ್ದನ್ನು ನೀವು ಗಮನಿಸಿಯೇ ಇರುತ್ತೀರಿ.

ಅವ್ವನಿಗೆ ಲಕ್ವ ಹೊಡೆದದ್ದು ಕುಲಗೋಡದಲ್ಲಿ, ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ. ಬಲಗೈ, ಬಲಗಾಲು ಬಿದ್ದುಹೋದವು, ಜೊತೆಗೆ ಮಾತು. ದವಾಖಾನೆಗೆ ಹತ್ತಿರವಾಗಲಿ ಎಂದು ಗೋಕಾಕದ ನಮ್ಮ ಮನೆಗೆ ಕರೆತಂದೆವು. ಅಪ್ಪನೂ ಹೊಲವನ್ನು ನನ್ನ ಅಣ್ಣನಿಗೆ ಒಪ್ಪಿಸಿ, ಎರಡು ಧೋತರ, ಒಂದು ಕಂಬಳಿ ಹಿಡಿದು ಹಿಂದೆಯೇ ಬಂದರು. ಮೈ ಬಿದ್ದುಹೋದ ದುಃಖಕ್ಕಿಂತ ಮಾತು ಬಿದ್ದುಹೋದ ದುಃಖ ದೊಡ್ಡದು ಎಂದು ನನಗೆ ತಿಳಿದದ್ದು ಆಗಲೇ. ನೀರು ಬೇಕೆಂದರೆ ಅವ್ವ ಕಿಟಕಿಯತ್ತ ನೋಡುತ್ತಿದ್ದಳು. ಕಿಟಕಿ ತೆರೆದರೆ ಅಲ್ಲವೆಂದು ತಲೆಯಾಡಿಸುತ್ತಿದ್ದಳು. ತಂಬಿಗೆ ತಂದಾಗ ತನ್ನ ಮೇಲೇ ಸಿಟ್ಟಾಗಿ ಕಣ್ಣು ತುಂಬಿಕೊಳ್ಳುತ್ತಿದ್ದಳು. ಊರಿನ ಹೆಂಗಸರನ್ನೆಲ್ಲ ಹರಟೆಯಲ್ಲಿ ಸೋಲಿಸುತ್ತಿದ್ದ ಬಾಯಿ ಅದು. ನನಗೆ ಶಾಲೆಯಲ್ಲಿ ಪಾಠ ಮಾಡುವಾಗ ನನ್ನ ಮಾತಿನ ಮೇಲೇ ನಾಚಿಕೆಯಾಗುತ್ತಿತ್ತು.

ದವಾಖಾನೆಯವರು ಮಾತು ಕಲಿಸಲು ಪದ್ಮಾ ಎಂಬ ಹುಡುಗಿಯನ್ನು ಕಳಿಸಿದರು. ಹುಕ್ಕೇರಿ ಕಡೆಯ ಹತ್ತರಗಿಯ ಜೈನರ ಮನೆಯವಳು. ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ತೋರಿಸಿ, ಇದೇನ್ರಿ ಆಯಿ, ಇದೇನ್ರಿ ಎಂದು ಕೇಳುತ್ತಿದ್ದಳು. ಮೊದಲ ದಿನವೇ ಮಗ್ಗುಲಲ್ಲಿ ಕೂತಿದ್ದ ಅಪ್ಪನತ್ತ ಬೆರಳು ಮಾಡಿ, "ಇವರ್ಯಾರ್ರಿ? ಇವರ ಹೆಸರೇನು?" ಎಂದಳು. ಅವ್ವ ಗೋಡೆ ನೋಡಿದಳು. ನನಗೆ ಆ ದುಃಖದಲ್ಲೂ ನಗು ಬಂತು. "ಅದನ್ನ ಕೇಳಬ್ಯಾಡವಾ, ನಮ್ಮವ್ವ ಗಟ್ಟಿ ಇದ್ದಾಗನ ಹೇಳಿಲ್ಲ," ಎಂದೆ. ಪದ್ಮಾಳೂ ನಕ್ಕಳು. "ಗೊತ್ತೈತ್ರಿ ಅಕ್ಕಾ, ನಮ್ಮ ಆಯಿನೂ ಹಂಗ ಇದ್ರು. ಆದ್ರ ಉಳಿದ ಹೆಸರೂ ಬರವಲ್ಲವಲ್ರಿ." ಖರೆ. ನನ್ನ ಹೆಸರನ್ನು ಕೇಳಿದರೂ ಅವ್ವ ಅದೇ ಗೋಡೆಯನ್ನೇ ನೋಡಿದ್ದಳು.

ಮಾತು ತಿರುಗಿ ಬಂದದ್ದು ಕಾರ್ಡುಗಳಿಂದಲ್ಲ, ಆ ಚಾರ್ಟಿನಿಂದ. ಶ್ರಾವಣಿಯ ಶಾಲೆಯಲ್ಲಿ ಪ್ರಾಸಪದಗಳನ್ನು ಅರ್ಥಸಹಿತ ಒಪ್ಪಿಸಬೇಕಿತ್ತು. ಅವಳು ಅಡುಗೆಮನೆಯಲ್ಲಿ ಚಾರ್ಟಿನ ಮುಂದೆ ನಿಂತು, ಮೈಯನ್ನು ಹಿಂದೆ ಮುಂದೆ ತೂಗುತ್ತ, ರಾಗ ಎಳೆದು ಹೇಳಿಕೊಳ್ಳುತ್ತಿದ್ದಳು: ಕ್ಯಾಟ್ ಅಂದ್ರ ಬೆಕ್ಕು, ರ್ಯಾಟ್ ಅಂದ್ರ ಇಲಿ, ಮ್ಯಾಟ್ ಅಂದ್ರ ಚಾಪಿ. ಒಂದು ಸಂಜೆ ಅವಳು 'ಕ್ಯಾಟ್ ಅಂದ್ರ' ಎಂದು ಎಳೆದು, ಮುಂದೆ ಹೇಳದೆ ಬಾಯಿಗೆ ಕರದಂಟು ಹಾಕಿಕೊಂಡಳು. ಪಡಸಾಲೆಯಿಂದ ತೊದಲುವ, ಆದರೆ ತಪ್ಪಿಲ್ಲದ ಒಂದು ದನಿ ಬಂತು: "ಬೆಕ್ಕು." ಶ್ರಾವಣಿ ಕರದಂಟನ್ನು ಬಾಯಲ್ಲೇ ಇಟ್ಟುಕೊಂಡು ಓಡಿದಳು. "ಆಯಿ, ರ್ಯಾಟ್ ಅಂದ್ರ?" "ಇಲಿ." ನಾನು ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ.

ಅಂದೇ ಚಾರ್ಟು ಪಡಸಾಲೆಗೆ ಬಂತು. ಸಾಗುವ ತಾಳದಲ್ಲಿ, ಎದುರಿನವರು ಅರ್ಧ ಹೇಳಿ ಬಿಟ್ಟರೆ, ಉಳಿದರ್ಧ ತಾನಾಗಿ ಹೊರಬರುತ್ತದೆ ಎಂದು ಪದ್ಮಾ ತಿಳಿಸಿ ಹೇಳಿದಳು. ಜನ್ಮದಲ್ಲಿ ಒಂದು ಇಂಗ್ಲಿಷ್ ಅಕ್ಷರ ಕಲಿಯದ ಅವ್ವ, ಇಂಗ್ಲಿಷಿನ ಪದಗಳ ಕೈಹಿಡಿದು ತನ್ನ ಕನ್ನಡಕ್ಕೆ ಮರಳುತ್ತಿದ್ದಳು; ನನ್ನ ಹೊಟ್ಟೆಯುರಿ ಯಾವತ್ತೋ ತಣ್ಣಗಾಗಿತ್ತು. ಅವಳು ಗಿಳಿಪಾಠ ಒಪ್ಪಿಸುತ್ತಿರಲಿಲ್ಲ ಎಂಬುದಕ್ಕೂ ನನ್ನ ಬಳಿ ಪುರಾವೆ ಇತ್ತು. 'ಪೇನ್ ಅಂದ್ರ' ಎಂದರೆ ಚಾರ್ಟಿನಲ್ಲಿರುವ 'ನೋವು' ಎನ್ನದೆ, "ಬ್ಯಾನಿ" ಎನ್ನುತ್ತಿದ್ದಳು. ಅದು ಅವಳದೇ ಮಾತು, ಮಸಗುಪ್ಪಿಯ ಮಾತು. ಕೊನೆಯ ಸಾಲು ಶ್ರಾವಣಿಗೆ ಬಲು ಇಷ್ಟ. "ನೇಮ್ ಅಂದ್ರ?" "ಹೆಸರು." "ಗೇಮ್ ಅಂದ್ರ?" "ಆಟ." "ಶೇಮ್ ಅಂದ್ರ?" "ನಾಚಿಕಿ." "ಕೇಮ್ ಅಂದ್ರ?" "ಬಂದ್ರು." ಚಾರ್ಟಿನಲ್ಲಿ 'ಬಂದನು' ಎಂದಿದೆ, ಅವ್ವ ಅದನ್ನೂ ಬಹುವಚನ ಮಾಡಿ, ಬಂದವನಿಗೆ ಮರ್ಯಾದೆ ಕೊಟ್ಟಿದ್ದಳು.

ಆಮೇಲೆ ಒಂದೊಂದಾಗಿ ಹೆಸರುಗಳು ಬರತೊಡಗಿದವು. ಶೈಲಾ ಎಂದು ಅವ್ವ ನನ್ನನ್ನು ಕರೆದ ದಿನ ನಾನು ಶಾಲೆಗೇ ಹೋಗಲಿಲ್ಲ. ಶ್ರಾವಣಿಯ ಹೆಸರು ಬಂತು, ಪದ್ಮಾಳ ಹೆಸರು ಬಂತು, ಯಾವ ಕಾಲದಲ್ಲೋ ಮಾರಿಬಿಟ್ಟ ಚಂದ್ರಿ ಎಂಬ ಎಮ್ಮೆಯ ಹೆಸರೂ ಬಂತು. ಅಪ್ಪನನ್ನು ಮಾತ್ರ ಅವ್ವ ಯಾವ ಹೆಸರಿನಿಂದಲೂ ಕರೆಯಲಿಲ್ಲ. 'ಏನ್ರಿ' ಕೂಡ ಬರಲಿಲ್ಲ. ವಸ್ತುಗಳ ಹೆಸರು ಬೇಗ ಬರುತ್ತವೆ, ಕರೆಯುವ, ಕೂಡಿಸುವ ಇಂಥ ಸಣ್ಣ ಮಾತುಗಳು ಬರುವುದೇ ತಡ ಎಂದು ಪದ್ಮಾ ಹೇಳಿದಳು. ಅಪ್ಪ ಹೂಂ ಎಂದು ತಲೆಯಾಡಿಸಿದರು. ಆದರೆ ಅವರು ಅವ್ವ ಕಣ್ಣು ತೆರೆದಾಗೆಲ್ಲ ಅವಳಿಗೆ ಕಾಣುವಂತೆ ಕುರ್ಚಿ ಸರಿಸಿಕೊಂಡು ಕೂರುತ್ತಿದ್ದುದನ್ನು ನಾನು ನೋಡುತ್ತಿದ್ದೆ. ಒಂದು ದಿನ ತಡೆಯಲಾರದೆ ನನ್ನ ಮುಂದೆ ಹೇಳಿಯೇಬಿಟ್ಟರು: "ಮಾರಿದ ಎಮ್ಮಿ ಹೆಸರ ನೆನಪೈತಿ ಅಕಿಗೆ. ನಾ ಒಬ್ಬಾಂವ ಎಲ್ಲಿ ಹೋದೆ, ಯವ್ವಾ? ಹೆಸರ ಬ್ಯಾಡ, ಏನ್ರಿ ಅಂದ್ರ ಸಾಕಿತ್ತು." ನಮ್ಮ ಅಪ್ಪ ಎಂದೂ ಏನನ್ನೂ ಬೇಡಿದವರಲ್ಲ.

ಅವರು ಚಾರ್ಟನ್ನು ಕಲಿಯತೊಡಗಿದ್ದು ಆಗ. ಅವ್ವ ಮಲಗಿದಾಗ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕನ್ನಡದಲ್ಲಿ ಬರೆದ ಉಚ್ಚಾರವನ್ನು ನೋಡಿಕೊಂಡು, ತುಟಿ ಅಲ್ಲಾಡಿಸುತ್ತಿದ್ದರು. ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬೇಗ ಬಂದಾಗ ಪಡಸಾಲೆಯಲ್ಲಿ ಅವರ ದನಿ ಕೇಳಿ, ಬಾಗಿಲ ಸಂದಿಯಿಂದ ನೋಡುತ್ತ ಹೊರಗೇ ನಿಂತೆ. "ರೇನ್ ಅಂದ್ರ?" "ಮಳಿ." "ಪೇನ್ ಅಂದ್ರ?" "ಬ್ಯಾನಿ." ಆಮೇಲೆ, ಗಂಡಸರಾದವರು ಯಾರೂ ಆಡದ ಆ ಮಾತನ್ನು, ಅಕ್ಕಪಕ್ಕದವರಿಗೆ ಕೇಳೀತೇನೋ ಎಂಬಂಥ ಸಣ್ಣ ದನಿಯಲ್ಲಿ ಆಡಿದರು. "ಕರಿ ಕಂಬಳಿ ಮ್ಯಾಲ ಬಿಳಿಜೋಳದ ರಾಶಿ..."

ಅವ್ವ ಮುಖ ಆಚೆ ತಿರುಗಿಸಿದಳು. ನೆಟ್ಟಗಿದ್ದ ಎಡಗೈಯಿಂದ ಸೆರಗನ್ನು ತಡಕಿ ತಲೆಯ ಮೇಲೆ ಎಳೆದುಕೊಂಡಳು. ಬಹಳ ಹೊತ್ತಿನ ಮೇಲೆ ಒಂದೇ ಮಾತು ಹೊರಬಂತು: "ಕಾಶಿ." ಅಪ್ಪ ಕಾದರು. ಮತ್ತೊಮ್ಮೆ ಮೊದಲಿನಿಂದ ಹೇಳಿದರು, ಮತ್ತೆ 'ಕಾಶಿ' ಎಂದಷ್ಟೇ ಬಂತು. "ನಡುವ ಒಂದ ಬಿಟ್ಟಿಯಲ್ಲ," ಎಂದರು ಅಪ್ಪ. ಅವ್ವ ಕಿಟಕಿಯಾಚೆ ನೋಡುತ್ತ ಉಳಿದಳು.

ಸಂಜೆ ನಾನು ಸಮಾಧಾನ ಹೇಳಲು ಹೋದೆ. "ಸೆರಗ ಹೊತ್ತಗೊಂಡ್ಳಲ್ರಿ ಅಪ್ಪಾ. ನಾಚಿಕಿ ಅದು. ನಿಮ್ಮ ಗುರ್ತ ಇಲ್ದ ನಾಚ್ಯಾಳೇನ್ರಿ?" ಅಪ್ಪ ತಲೆ ಅಲ್ಲಾಡಿಸಿದರು. "ಅದು ರೂಢಿ, ಶೈಲಾ. ಡಾಕ್ಟರ್ ಬಂದ್ರೂ ಹೊತ್ಕೋತಾಳ. ಹಾಡ ನೆನಪೈತಿ, ಮನಷ್ಯಾನ್ನ ಮರತಾಳ." ಅವ್ವ ಹೇಳಲಾರದೆ ಸುಮ್ಮನಾದಳೋ, ಹೇಳಬಾರದೆಂದು ಸುಮ್ಮನಾದಳೋ ಎಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು, ಅದನ್ನು ಕೇಳಿ ತಿಳಿಯುವ ದಾರಿ ಮುಚ್ಚಿತ್ತು.

ಸುಗ್ಗಿಯ ಹೊತ್ತಿಗೆ ಅಪ್ಪ ಕುಲಗೋಡಕ್ಕೆ ಹೊರಟರು. ರಾಶಿ ಮುಗಿಸಿ ಬರ್ತೇನಿ ಎಂದು ಮಂಚದ ಹತ್ತಿರ ನಿಂತು ಹೇಳಿದರು, ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡರು, ಬಾಗಿಲಿನವರೆಗೆ ಹೋಗಿ ಅಲ್ಲಿ ಸುಮ್ಮನೆ ನಿಂತರು. ಚಪ್ಪಲಿ ಮೆಟ್ಟಲು ಅಷ್ಟು ಹೊತ್ತು ಬೇಕಾಗುವುದಿಲ್ಲ. ಅವ್ವ ಎಡಗೈಯನ್ನು ತುಸು ಎತ್ತಿದಳು, ತುಟಿ ಅಲುಗಿತು, ಮಾತು ಬರಲಿಲ್ಲ. ಅಪ್ಪ ಹೋದರು. ರಾಶಿಯಾದ ದಿನ ಕಣದಲ್ಲೇ ಊಟ ಮಾಡಿ, ಅದೇ ಕಂಬಳಿ ಹಾಸಿಕೊಂಡು ಅಡ್ಡಾದವರು ಮತ್ತೆ ಏಳಲಿಲ್ಲ ಎಂದು ಅಣ್ಣ ಫೋನ್ ಮಾಡಿದ.

ಅವ್ವನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಕುಲಗೋಡಕ್ಕೆ ಹೋದೆವು. ವಿಭೂತಿ ಹಚ್ಚಿ ಕೂಡ್ರಿಸಿದ್ದ ಅಪ್ಪನ ಎದುರಿಗೆ ಅವಳನ್ನು ಕುರ್ಚಿಯಲ್ಲಿ ಕೂರಿಸಿದೆವು. ಅವಳು ನೋಡಿದಳು, ಅಳಲಿಲ್ಲ, ಏನೂ ಅನ್ನಲಿಲ್ಲ. ಸೇರಿದ ಹೆಂಗಸರು, "ಪಾಪ, ಅಕಿಗೇನ ತಿಳೀತೈತಿ," ಎಂದು ಕಣ್ಣೊರೆಸಿಕೊಂಡರು. ಬಳೆ ತೆಗೆಯಲು ಬಂದಾಗ ಮಾತ್ರ, ಯಾರೂ ಕೇಳುವ ಮೊದಲೇ ಅವ್ವ ತನ್ನ ಎಡಗೈಯನ್ನು ತಾನೇ ಮುಂದೆ ಚಾಚಿದಳು. ಅದನ್ನು ಗಮನಿಸಿದವಳು ನಾನೊಬ್ಬಳೇ. ನೋಡಿ, ಎದ್ದು ಹಿತ್ತಲಿಗೆ ಹೋದೆ.

ಗೋಕಾಕಕ್ಕೆ ಮರಳಿದ ಮೇಲೆ ಅಪ್ಪನ ಫೋಟೋ ಚಾರ್ಟಿನ ಮಗ್ಗುಲಿಗೆ ಬಂತು. ಗಂಡನಿಲ್ಲದವಳಿಗೆ ನಮ್ಮಲ್ಲಿ ಯಾರೂ ಒಡಪು ಹೇಳು ಎನ್ನುವುದಿಲ್ಲ. ಆ ಎರಡು ಸಾಲು ಅಲ್ಲಿಗೆ ಮುಗಿದವು. ಪದ್ಮಾ ಮತ್ತೆ ಕಾರ್ಡು ಹಿಡಿದು ಬಂದಳು. ಗಡಿಯಾರ, ಕಿಟಕಿ, ತಂಬಿಗೆ ಎಂದು ಕೇಳುತ್ತ ಕೇಳುತ್ತ, ಅವ್ವನ ಕಣ್ಣು ಫೋಟೋದ ಮೇಲೆಯೇ ನಿಂತದ್ದನ್ನು ಕಂಡು, ಅದೇ ಜಾಡಿನಲ್ಲಿ ಕೇಳಿಬಿಟ್ಟಳು: "ಇವರ್ಯಾರ್ರಿ, ಆಯಿ?"

"ಬಾಳಪ್ಪ," ಎಂದಳು ಅವ್ವ.

ತೊದಲಲಿಲ್ಲ. ದನಿ ಇಳಿಸಲಿಲ್ಲ. ಸೆರಗಿಗೆ ಕೈ ಹೋಗಲಿಲ್ಲ. ಹಿಂದೊಂದು ಸಾಲು, ಮುಂದೊಂದು ಪ್ರಾಸ ಯಾವುದೂ ಇಲ್ಲದೆ ಅಪ್ಪನ ಹೆಸರು ನಮ್ಮ ಪಡಸಾಲೆಯಲ್ಲಿ ಬರಿಮೈಯಲ್ಲಿ ನಿಂತಿತು. ಪದ್ಮಾ ಚಪ್ಪಾಳೆ ತಟ್ಟಿ, "ಶಾಬಾಸ್ರಿ ಆಯಿ!" ಎಂದವಳು, ನನ್ನ ಮುಖ ನೋಡಿ, ತಟ್ಟಿದ ಕೈಗಳನ್ನು ಹಾಗೆಯೇ ಹಿಡಿದು ಕೂತಳು. ಅವಳ ಮನೆಯಲ್ಲೂ ಅಂಥ ಆಯಿ ಇದ್ದರಲ್ಲವೇ. ಅವ್ವ ನಮ್ಮಿಬ್ಬರನ್ನೂ ನೋಡಿ, ನಮಗೇ ಧೈರ್ಯ ಹೇಳುವವಳಂತೆ, ಒಂದೊಂದು ಮಾತನ್ನೂ ಹುಡುಕಿ ತಂದು ಜೋಡಿಸಿದಳು. "ಇನ್ನ... ಅಡ್ಡಿಲ್ಲ."

ಅಂದರೆ ಅವಳು ಅಷ್ಟೂ ದಿನ ಅವರ ಆಯುಷ್ಯವನ್ನು ಕಾಯುತ್ತಿದ್ದಳು. ಮಾತೆಲ್ಲ ಕೈಬಿಟ್ಟು ಹೋದ ಮೇಲೂ, ಪೂರ್ತಿ ಒಡಪು ಕಟ್ಟಲಾರದ ಬಾಯಿಂದ ಬರೇ ಹೆಸರು ಜಾರೀತೆಂದು, ಆ ಒಂದು ಹೆಸರನ್ನು ನಾಲಿಗೆಯ ಹಿಂದೆ ಗಟ್ಟಿಯಾಗಿ ಹಿಡಿದಿದ್ದಳು. ಎದುರಿಗೆ ಕುರ್ಚಿ ಹಾಕಿಕೊಂಡು ಕೂತವರು ತನ್ನನ್ನು ಮರೆತಳೆಂದುಕೊಂಡೇ ಹೊರಟುಹೋದರು. ಮರೆವಿನ ಮೌನಕ್ಕೂ ಮಮತೆಯ ಮೌನಕ್ಕೂ ಸದ್ದು ಒಂದೇ. ಚಾರ್ಟಿನಲ್ಲಾದರೆ ಪ್ರತಿ ಪದದ ಕೆಳಗೆ ಅದರ ಅರ್ಥ ಬರೆದಿರುತ್ತದೆ. ಅವ್ವನ ಮೌನದ ಅರ್ಥವನ್ನು ಓದುವಷ್ಟು ಹೊತ್ತು ಅಪ್ಪನಿಗೆ ಸಿಗಲಿಲ್ಲ, ಹಾಗೆಂದು ನಾನು ಈಗ ಯಾರ ಮೇಲೆ ಸಿಟ್ಟಾಗಲಿ?

ಶ್ರಾವಣಿ ಈಗಲೂ ಸಂಜೆ ಮಂಚದ ಮೇಲೆ ಹತ್ತಿ ಕೂತು ಆ ಸಾಲುಗಳನ್ನು ಕೇಳುತ್ತಾಳೆ. ನೇಮ್ ಅಂದ್ರ ಹೆಸರು, ಗೇಮ್ ಅಂದ್ರ ಆಟ, ಶೇಮ್ ಅಂದ್ರ ನಾಚಿಕಿ. 'ಕೇಮ್ ಅಂದ್ರ' ಎಂದಾಗ ಅವ್ವ ಉತ್ತರ ಕೊಡದೆ ಬಾಗಿಲ ಕಡೆ ನೋಡುತ್ತಾಳೆ. ಮಗಳು ತಾನೇ ಹೇಳಿ ಮತ್ತೆ ಮೊದಲ ಸಾಲಿಗೆ ಹೋಗುತ್ತಾಳೆ. ಚಾರ್ಟಿನ ಅಂಚಿನ ಎಣ್ಣೆಯ ಕಲೆ ಇನ್ನಷ್ಟು ಕಪ್ಪಾಗಿದೆ, ಮೇಲಿನ ಮೊಳೆ ಸಡಿಲಾಗಿ ಚಾರ್ಟು ಗಾಳಿಗೆ ಪಟಪಟ ಬಡಿಯುತ್ತದೆ. ಇದನ್ನು ಬರೆಯತೊಡಗಿದಾಗ, ಕೊನೆಗೊಮ್ಮೆ ನಮ್ಮ ಯಜಮಾನರ ಹೆಸರನ್ನೂ ಬರೆದು, ನಾನು ಅಂಥ ನಂಬಿಕೆಯವಳಲ್ಲ ಎಂದು ನಿಮ್ಮ ಮುಂದೆ ನಕ್ಕುಬಿಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಅವರು ಸ್ಟೂಲಿನ ಮೇಲೆ ಹತ್ತಿ ಆ ಮೊಳೆಯನ್ನು ಗಟ್ಟಿ ಮಾಡತೊಡಗಿದರು. ಸ್ಟೂಲಿನ ಒಂದು ಕಾಲು ತುಸು ಗಿಡ್ಡ. ಏನ್ರಿ, ಹುಷಾರು ಎಂದಷ್ಟೇ ಕೂಗಿ, ಅವರು ಕೆಳಗಿಳಿಯುವ ತನಕ ಸ್ಟೂಲನ್ನು ಹಿಡಿದು ನಿಂತೆ.